ಸಾರಿನ ಉಪ್ಪು, ಆಕಾಶದ ಕಬ್ಬಿಣ

ಶಿವಮೊಗ್ಗದ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರು ಕಳೆದ ಸಂಚಿಕೆಯ ಖಗೋಳ ಲೇಖನವನ್ನು ಓದಿ ಎರಡು ಆಕ್ಷೇಪಗಳನ್ನು ಬರೆದಿದ್ದಾರೆ. ಆಮ್ಲಜನಕವನ್ನೂ ಇಂಗಾಲವನ್ನೂ ‘ಲೋಹ’ ಎಂದದ್ದು ಅನುವಾದದ ಎಡವಟ್ಟೇ ಎಂಬುದು ಮೊದಲನೆಯದು. ನಕ್ಷತ್ರಗಳ ಒಡಲಲ್ಲಿ ಧಾತುಗಳು ಹುಟ್ಟುವ ಸೊಗಸಾದ ಕಥೆಯನ್ನು ನಾಲ್ಕು ಸಾಲಿಗೆ ಮುಗಿಸಿ, ಆ ಧಾತುಗಳು ಗ್ಯಾಲಕ್ಸಿಗಳ ಅನಿಲದಲ್ಲಿ ಬೆರೆತು ಹರಡುವ ‘ಬರಿಯ ಅನಿಲದ ಲೆಕ್ಕಾಚಾರ’ಕ್ಕೆ ನಾಲ್ಕು ಪುಟ ಕೊಟ್ಟದ್ದೇಕೆ ಎಂಬುದು ಎರಡನೆಯದು.

ಮಾನ್ಯರೆ, ಮೊದಲನೆಯದರಲ್ಲಿ ನಿಮ್ಮ ಮಾತು ನ್ಯಾಯವಾದದ್ದೇ. ಹೀಲಿಯಂಗಿಂತ ಭಾರವಾದುದೆಲ್ಲವನ್ನೂ ಲೋಹವೆನ್ನುವುದು ಖಗೋಳವಿಜ್ಞಾನಿಗಳ ಹಳೆಯ ದುರಭ್ಯಾಸ. ಆವರ್ತ ಕೋಷ್ಟಕವನ್ನು ಪಾಠ ಮಾಡಿದವರಿಗೆ ಅದು ಕಿವಿಗೆ ಕಾದ ಸೀಸ ಹೊಯ್ದಂತೆ ಕೇಳಿಸುವುದು ಸಹಜ (ಸೀಸವಾದರೂ ನಿಜವಾದ ಲೋಹ). ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ. ನಕ್ಷತ್ರಗಳೇ ಕುಲುಮೆ ಎಂಬುದನ್ನು 1957ರಲ್ಲಿ ವಿಜ್ಞಾನಿಗಳಾದ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ ವಿವರವಾಗಿ ನಿರೂಪಿಸಿದರು, ಸರಿ. ಆದರೆ ಕುಲುಮೆಯಲ್ಲಿ ಕಾಸಿದ ಕುಡುಗೋಲು ಯಾವ ಸಂತೆಗೆ ಹೋಯಿತು, ಯಾರ ಗದ್ದೆ ಸೇರಿತು ಎಂಬುದನ್ನು ಕೇಳದವನಿಗೆ ಕಮ್ಮಾರನ ಕಸುಬು ಅರ್ಧವಷ್ಟೇ ತಿಳಿದಂತೆ.

ನಮ್ಮ ಗ್ಯಾಲಕ್ಸಿಯನ್ನು ನಿಮ್ಮ ಮನೆಯ ಸಾರಿನ ಪಾತ್ರೆಯೆಂದೇ ತಿಳಿಯಿರಿ. ಆದಿಯಲ್ಲಿ ಇದ್ದದ್ದು ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ ಮತ್ತು ತೃಣಮಾತ್ರ ಲಿಥಿಯಂ, ಅಂದರೆ ಉಪ್ಪಿಲ್ಲದ ಸಪ್ಪೆ ನೀರು. ಪ್ರತಿ ತಲೆಮಾರಿನ ನಕ್ಷತ್ರಗಳು ಸಾಯುವಾಗ ಅದಕ್ಕೆ ಚಿಟಿಕೆ ಉಪ್ಪು, ಅಂದರೆ ಹೀಲಿಯಂಗಿಂತ ಭಾರವಾದ ಧಾತುಗಳು, ಬೀಳುತ್ತದೆ. ಪಾತ್ರೆ ಮುಚ್ಚಿಟ್ಟದ್ದೇ ಆಗಿದ್ದರೆ ರುಚಿ ನಿಧಾನವಾಗಿ ಏರಬೇಕಿತ್ತು ಮತ್ತು ಸಪ್ಪೆ ಕಾಲದಲ್ಲಿ ಹುಟ್ಟಿದ, ಭಾರಧಾತುಗಳು ತೀರ ಕಡಿಮೆಯಿರುವ ದೀರ್ಘಾಯುಷಿ ನಕ್ಷತ್ರಗಳು ಸೂರ್ಯನ ನೆರೆಯಲ್ಲಿ ಹೇರಳವಾಗಿ ಸಿಗಬೇಕಿತ್ತು. 1962–63ರಲ್ಲಿ ಖಗೋಳವಿಜ್ಞಾನಿಗಳಾದ ವಾನ್ ಡೆನ್ ಬರ್ಗ್ ಮತ್ತು ಷ್ಮಿಟ್ ಲೆಕ್ಕ ಹಾಕಿದಾಗ ಅಂಥವು ಬೆರಳೆಣಿಕೆಯಷ್ಟೇ ಇದ್ದವು. ಏಕೆ? ಪಾತ್ರೆಯಲ್ಲಿ ಮೊದಲಿಗೆ ಇದ್ದದ್ದು ಸ್ವಲ್ಪವೇ ನೀರು. ಅದಕ್ಕೆ ಬೇಗನೆ ಉಪ್ಪು ಹಿಡಿಯಿತು. ಆಮೇಲೆ ನೆಂಟರು ಬಂದಂತೆಲ್ಲ ಸಾರಿಗೆ ನೀರು ಬೆರೆಸುವ ಗೃಹಿಣಿಯ ಹಾಗೆ, ಹೊರಗಿನಿಂದ ಹೊಸ ಅನಿಲ ಸುರಿಯುತ್ತಲೇ ಬಂದು ರುಚಿಯನ್ನು ಒಂದು ಹದದಲ್ಲಿ ನಿಲ್ಲಿಸಿತು ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಉತ್ತರ.

ಪಾತ್ರೆ ಉಕ್ಕುವುದೂ ಉಂಟು. ಸೂಪರ್‌ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ಬಿರುಸಿಗೆ ಪುಟ್ಟ ಗ್ಯಾಲಕ್ಸಿಗಳು ತಮ್ಮ ಗಳಿಕೆಯನ್ನು ಹೊರಗೆ ಚೆಲ್ಲುತ್ತವೆ. 1976ರಲ್ಲಿ ಪರ್ಸಿಯಸ್ ಗ್ಯಾಲಕ್ಸಿ ಸಮೂಹದ ಕ್ಷ-ಕಿರಣ ರೋಹಿತದಲ್ಲಿ (ಬೆಳಕನ್ನು ಬಿಡಿಸಿ ಹರಡಿದ ಪಟ್ಟಿ, ಒಂದೊಂದು ಧಾತುವಿಗೂ ಅದರಲ್ಲಿ ತನ್ನದೇ ಗೆರೆ) ಕಬ್ಬಿಣದ ಗೆರೆ ಕಂಡಿತು. ಗ್ಯಾಲಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಕುದಿಯುವ ಆ ಅನಿಲದಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನಲ್ಲಿರುವುದರ ಮೂರನೇ ಒಂದರಷ್ಟು. ನಕ್ಷತ್ರಗಳಿಗಿಂತ ಆ ಅನಿಲದ ತೂಕವೇ ಹಲವು ಪಟ್ಟು ಹೆಚ್ಚೆಂಬುದನ್ನು ನೆನೆದರೆ, ಕುಲುಮೆಯಲ್ಲಿ ಉಳಿದದ್ದೆಷ್ಟು, ಬೀದಿಪಾಲಾದದ್ದೆಷ್ಟು ಎಂಬುದನ್ನು ನೀವೇ ಊಹಿಸಬಹುದು.

ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಒಮ್ಮೆ ಹೊಸಕೋಟೆಗೆ ಹೋದಾಗ ಪರದೆಯ ಮೇಲೆ ಎರಡು ರೋಹಿತಗಳನ್ನು ನನಗೆ ಪಕ್ಕಪಕ್ಕದಲ್ಲಿ ತೋರಿಸಿದರು. ಸೂರ್ಯನದು ಒತ್ತೊತ್ತಾಗಿ ಹಲ್ಲುಗಳಿರುವ ಬಾಚಣಿಗೆಯಂತಿತ್ತು. ಹಳೆಯ ನಕ್ಷತ್ರವೊಂದರದು ಜಲಜನಕದ ನಾಲ್ಕಾರು ಗೆರೆಗಳನ್ನು ಬಿಟ್ಟರೆ ಹಲ್ಲುದುರಿದ ಅಜ್ಜನ ಬಾಯಿ. ಆ ಖಾಲಿ ಜಾಗವೇ ಅದು ಹುಟ್ಟಿದ ದಿನದ ಅನಿಲದ ಚರಿತ್ರೆ. ಅಂಥ ಮುದುಕರಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕದ ಪಾಲು ಸೂರ್ಯನಲ್ಲಿರುವುದಕ್ಕಿಂತ ಹೆಚ್ಚು. ದೈತ್ಯ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಿಡಿದು ಆಮ್ಲಜನಕವನ್ನು ಹಂಚಿದರೆ, ಕಬ್ಬಿಣದ ದೊಡ್ಡ ಪಾಲನ್ನು ಕೊಡುವ ಶ್ವೇತಕುಬ್ಜಗಳ (ಇಂಧನ ಮುಗಿದ ಸಾಧಾರಣ ನಕ್ಷತ್ರಗಳ ಉಳಿಕೆ) ಸ್ಫೋಟಕ್ಕೆ ನೂರು ಕೋಟಿ ವರ್ಷ ಹಿಡಿದರೂ ಹಿಡಿದೀತು.

ಈ ತಡದ ಮಹತ್ವವನ್ನು 1979ರಲ್ಲೇ ಮುಂದಿಟ್ಟವರಲ್ಲಿ ಖಗೋಳವಿಜ್ಞಾನಿ ಬಿಯಾಟ್ರಿಸ್ ಟಿನ್ಸ್‌ಲಿ ಒಬ್ಬರು. ನ್ಯೂಜಿಲೆಂಡಿನಲ್ಲಿ ಬೆಳೆದು, ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ, 1981ರಲ್ಲಿ ನಲವತ್ತರ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡ ಆಕೆ ಗ್ಯಾಲಕ್ಸಿಗಳಿಗೂ ವಯಸ್ಸಾಗುತ್ತದೆಂದು ಹಟ ಹಿಡಿದು ಲೆಕ್ಕ ಮಾಡಿದವರು. ಹಾಯ್ಲ್ ಹೆಸರು ಬಲ್ಲ ನಮ್ಮ ಪದವೀಧರರಲ್ಲಿ ಎಷ್ಟು ಮಂದಿ ಟಿನ್ಸ್‌ಲಿಯ ಹೆಸರು ಕೇಳಿದ್ದಾರೆ? ನಮ್ಮ ಪತ್ರಿಕಾಲೋಕಕ್ಕೆ ಸ್ಫೋಟ ಬೇಕು, ಜಮಾಖರ್ಚು ಬೇಡ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ (ಸಿಡಿದ ದೈತ್ಯ ನಕ್ಷತ್ರಗಳ ಅತಿದಟ್ಟ ಉಳಿಕೆ) ಡಿಕ್ಕಿಯ ಸುಳಿವು ಸಿಕ್ಕಾಗ, ಚಿನ್ನ ಹುಟ್ಟುವ ಬಗೆ ತಿಳಿಯಿತೆಂದು ಎಲ್ಲರೂ ಸಂಭ್ರಮಿಸಿದೆವು. ಆ ಚಿನ್ನ ಅನಿಲದಲ್ಲಿ ಬೆರೆತು ಮುಂದಿನ ನಕ್ಷತ್ರವನ್ನು ಸೇರುವುದು ಹೇಗೆಂದು ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಪತ್ರಿಕೆಯೂ ಅಂದು ಬರೆಯಲಿಲ್ಲ. ಕಳೆದ ಸಂಚಿಕೆಯ ನಾಲ್ಕು ಪುಟಗಳು ಆ ಬಾಕಿಯ ಒಂದು ಕಂತು.

ಮುಂದಿನ ಸಂಚಿಕೆಯಿಂದ ‘ಭಾರಧಾತು’ ಎಂದೇ ಅಚ್ಚು ಮಾಡುತ್ತೇವೆ. ಪುಟಗಳನ್ನು ಕಡಿತಗೊಳಿಸುವ ಮಾತು ಮಾತ್ರ ಇಲ್ಲ.

— ಸಂಪಾದಕ