ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ತಿಕದಲ್ಲಿ ಹಿರೇಬೆಣಕಲ್ ಗುಡ್ಡ

ಪ್ರಶ್ನೆ: ಕೆಂಪೆಲೆಗಳ ಕಾಡಿನಲ್ಲಿ ನಡೆದು ಬಂದು ಬಂಡೆಯ ತುದಿಯಲ್ಲಿ ಬುತ್ತಿ ಬಿಚ್ಚಿ ಕುಳಿತ ಕುಟುಂಬದ ಶರತ್ಕಾಲದ ಚಿತ್ರವೊಂದನ್ನು ಪುಸ್ತಕದಲ್ಲಿ ನೋಡಿದ ಮಗಳು, ಅಂಥ ಜಾಗ ನಮ್ಮ ಕಡೆ ಎಲ್ಲಿದೆ ಎಂದು ಕೇಳುತ್ತಿದ್ದಾಳೆ. ಜೊತೆಗೆ ಬರಲಿರುವ ನನ್ನ ತಾಯಿಗೆ 62 ವರ್ಷ. ಕಳೆದ ವರ್ಷ ಅಂಜನಾದ್ರಿಯ ಮೆಟ್ಟಿಲುಗಳನ್ನು ಅವರಿಂದ ಪೂರ್ತಿ ಹತ್ತಲಾಗಲಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಎಲ್ಲಿಗೆ ಹೋಗಬಹುದು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಕೆಂಪೆಲೆಯ ಆಸೆಯನ್ನು ಮಗಳಿಂದ ಮೊದಲೇ ಬಿಡಿಸಿಬಿಡಿ. ನಮ್ಮ ಸೀಮೆಯ ಕುರುಚಲು ಕಾಡು ಎಲೆ ಉದುರಿಸುವುದು ಶಿಶಿರ ಬಂದ ಮೇಲೆ. ಆಶ್ವಯುಜ, ಕಾರ್ತಿಕಗಳಲ್ಲಿ ಇಲ್ಲಿ ಬಣ್ಣ ಬದಲಿಸುವುದು ಮರವಲ್ಲ, ಹುಲ್ಲು ಮತ್ತು ಭತ್ತ. ಆ ಬದಲಾವಣೆಯನ್ನು ಎತ್ತರದಿಂದ ನೋಡಬೇಕೆಂದರೆ, ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಗುಡ್ಡವನ್ನೇ ನಾನು ಸೂಚಿಸುತ್ತೇನೆ. ಅಂಜನಾದ್ರಿಯಲ್ಲಿ 575 ಮೆಟ್ಟಿಲುಗಳು ಒಂದೇ ಸಮನೆ ಮೇಲೇರುತ್ತವೆ, ಮೊಣಕಾಲು ಸೋಲುವುದು ಅಲ್ಲಿಯೇ. ಇಲ್ಲಿ ಊರಿನಿಂದ ಎರಡು-ಮೂರು ಕಿ.ಮೀ. ಕಲ್ಲುದಾರಿ, ಏರು ಬಂದಷ್ಟೇ ಸಮತಟ್ಟೂ ಬರುತ್ತದೆ. ಬೇಕೆಂದಲ್ಲಿ ಕುಳಿತು, ನೀರು ಕುಡಿದು, ಒಂದೂವರೆ ತಾಸಿನಲ್ಲಿ ಮೇಲೆ ತಲುಪಿದರೂ ಸಾಕು. ಹಾದಿಯಲ್ಲಿ ಕೆಂಪು ಬಣ್ಣದ ಪ್ರಾಚೀನ ಚಿತ್ರಗಳಿರುವ ಬಂಡೆಯಾಸರೆಗಳೂ ಇವೆ. ತಾಯಿಯವರಿಗೆ ದಣಿವಾದರೆ ಅಲ್ಲಿಗೇ ನಿಲ್ಲಿಸಿ, ಅದರಲ್ಲಿ ಸಂಕೋಚವೇನೂ ಬೇಡ.

ದೀಪಾವಳಿಗಿಂತ ಎರಡು-ಮೂರು ವಾರ ತಡೆದು ಹೋಗುವುದು ನನ್ನ ಮಟ್ಟಿಗೆ ಮೇಲು. ಚಿತ್ತೆ, ಸ್ವಾತಿ ಮಳೆಗಳು ಮುಗಿಯದ ಹೊರತು ಬಂಡೆಯ ಮೇಲಿನ ಪಾಚಿ ಒಣಗುವುದಿಲ್ಲ, ಒಣಗದ ಪಾಚಿಯ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. ಅಲ್ಲದೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಅಷ್ಟು ಹೊತ್ತಿಗೆ ತೆನೆ ಬಾಗಿ ಹಳದಿಗೆ ತಿರುಗಿರುತ್ತದೆ. ಒಂದೆಡೆ ಬೋಳುಬಂಡೆಯ ಸಾಲು, ಇನ್ನೊಂದೆಡೆ ಹೊನ್ನಿನ ಗದ್ದೆ. ಕೆಂಪೆಲೆಯ ಕೊರತೆ ಅಲ್ಲಿಗೆ ನೀಗುತ್ತದೆ ಎಂದುಕೊಂಡಿದ್ದೇನೆ.

ಆದರೆ ಮಗಳಿಗೆ ಮುಂಚಿತವಾಗಿ ತಿಳಿಸಬೇಕಾದ ಸಂಗತಿಯೊಂದಿದೆ: ಆ ನೆತ್ತಿ ಸ್ಮಶಾನ. ಕಬ್ಬಿಣ ಯುಗದ ಜನ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಶಿಲಾಸಮಾಧಿಗಳು ಅಲ್ಲಿ ಸುಮಾರು 400 ಇದ್ದು, ದೊಡ್ಡವು ಹತ್ತು ಅಡಿಯ ಹತ್ತಿರ ಎತ್ತರವಿವೆ. ಕೆಲವುಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಊರವರು ಇದನ್ನು ಮೊರೇರ ಗುಡ್ಡ ಎನ್ನುತ್ತಾರೆ, ಗಿಡ್ಡ ದೇಹದ ಮೊರೇರು ಈ ಕಲ್ಲುಮನೆಗಳಲ್ಲಿ ಬದುಕಿದ್ದರೆಂಬ ಕಥೆಯೂ ಇದೆ. ಮಕ್ಕಳಿಗೆ ಪುರಾತತ್ವಕ್ಕಿಂತ ಆ ಕಥೆಯೇ ಬೇಗ ಹಿಡಿಸುತ್ತದೆ. 2021ರಲ್ಲಿ ಈ ನೆಲೆ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ನಿಧಿಯಾಸೆಗೆ ಅಗೆದು ಕೆಡವಿದ ಸಮಾಧಿಗಳೂ ಕಣ್ಣಿಗೆ ಬೀಳುತ್ತವೆ. ಬುತ್ತಿಯನ್ನು ಚಪ್ಪಡಿಗಳ ಮೇಲೆ ಬಿಚ್ಚದೆ, ಕೆರೆಯ ದಂಡೆಯಲ್ಲಿ ಬಿಚ್ಚಿರಿ. ಸಮಾಧಿಗಳಿಗೆ ಕಲ್ಲು ಎಬ್ಬಿಸಿದ ಗುಣಿಯಲ್ಲಿಯೇ ಆ ಕೆರೆ ನಿಂತಿರಬೇಕೆಂಬುದು ತಜ್ಞರ ಊಹೆ.

ಈ ಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟವಿರುವುದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು, ನಾಲ್ಕು ಗಂಟೆಯೊಳಗೆ ಇಳಿಯತೊಡಗಿ. ಆ ದಿನಗಳಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಕುಡಿಯುವ ನೀರು ಮೇಲೆ ಸಿಗುವುದಿಲ್ಲ, ತಲೆಗೆ ಎರಡು ಲೀಟರಿನಂತೆ ಒಯ್ಯಿರಿ. ಒಣಗಿದ ಹುಲ್ಲಿನ ಮುಳ್ಳು ಸೀರೆಗೂ ಕಾಲುಚೀಲಕ್ಕೂ ಬಿಡದೆ ಹತ್ತುತ್ತದೆ ಎಂಬುದನ್ನು ತಾಯಿಯವರಿಗೆ ಹೇಳಿಡಿ.

ಪ್ರಶ್ನೆ: ಆನೆಗೊಂದಿ, ಗಂಗಾವತಿ ಕಡೆಯ ಗುಡ್ಡಗಳಲ್ಲಿ ಗುಂಡುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವುದೇಕೆ?
– ಓದುಗರೊಬ್ಬರು, ಕಾರಟಗಿ

ಉತ್ತರ: ಪೇರಿಸಿದವರು ಯಾರೂ ಇಲ್ಲ, ಅವು ಇದ್ದಲ್ಲೇ ಉಳಿದ ಕಲ್ಲುಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಈ ಗ್ರಾನೈಟ್ ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟಿತು. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಎಲ್ಲಕ್ಕಿಂತ ಮೊದಲು ಸವೆಸಿದ್ದರಿಂದ ಚೌಕ ತುಂಡುಗಳು ದುಂಡಗಾದವು, ನಡುವಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳಷ್ಟೇ ನಿಂತವು. ಮೇಲ್ಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಏಳುವುದೂ ಈ ಕಲ್ಲಿನ ಗುಣವೇ. ಹಿರೇಬೆಣಕಲ್‌ನಲ್ಲಿ ಅಷ್ಟು ಅಗಲದ ಚಪ್ಪಡಿಗಳು ಗುಡ್ಡದ ಮೇಲೆಯೇ ದೊರಕಿದ್ದು ಅದರಿಂದ. ಅಲ್ಲಿನ ಎತ್ತರದ ಬಂಡೆಯೊಂದರ ಮೇಲೆ ಕುಳಿತಿರುವ ಅರ್ಧಗೋಳದ ಕಲ್ಲನ್ನು ಬಡಿದರೆ ನಗಾರಿಯಂತೆ ಮೊಳಗುತ್ತದೆ. ಅದನ್ನು ಬಡಿದು ನೋಡಲು ಮೇಲೇರುವವರಿದ್ದಾರೆ, ಆದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಕೆಳಗಿನಿಂದಲೇ ನೋಡಿ ಬನ್ನಿ.