ತಿಂಗಳಿಗೆ ಹತ್ತು ಹಾಳೆಗೆ ಯಾವ ಪ್ರಿಂಟರ್?

ಆಧಾರ್ ಜೆರಾಕ್ಸು, ಮಗಳ ಶಾಲೆ ಪ್ರಾಜೆಕ್ಟು, ತಿಂಗಳಿಗೆ ಹತ್ತು-ಹದಿನೈದು ಹಾಳೆ, ಇಷ್ಟಕ್ಕೆ ಇಂಕ್‌ಜೆಟ್ಟಾ ಲೇಸರ್ರಾ ಅಂತ ಕೇಳಿದ್ದೀರಿ. ಕಪ್ಪು-ಬಿಳುಪಿನ ಲೇಸರ್ ತಗೊಳ್ಳಿ ಸರ್. ಜೆರಾಕ್ಸ್ ಬೇಕಲ್ವಾ, ಸ್ಕ್ಯಾನರ್ ಇರುವುದನ್ನೇ ನೋಡಿ.

ನಾನೂ ನಿಮ್ಮ ಹಾಗೆ ದಾವಣಗೆರೆಯವನೇ, ವಿದ್ಯಾನಗರ. ಮೊದಲು ಇಂಕ್‌ಜೆಟ್ ಇತ್ತು. ಏಪ್ರಿಲ್‌ನಲ್ಲಿ ಒಂದು ತಿಂಗಳು ಊರಲ್ಲಿದ್ದು ಬಂದು ನೋಡಿದರೆ ಅಕ್ಷರಗಳ ಮಧ್ಯೆ ಬಿಳಿ ಗೆರೆ. ನಮ್ಮ ಬಿಸಿಲು ಗೊತ್ತಲ್ಲ, ಶಾಯಿ ಚಿಮ್ಮಿಸುವ ಹೆಡ್‌ನ ಕೂದಲೆಳೆಗಿಂತ ಸಣ್ಣ ತೂತುಗಳಲ್ಲಿ ಶಾಯಿ ಒಣಗಿ ಕೂತಿತ್ತು. ಕ್ಲೀನಿಂಗ್ ಕೊಟ್ಟಷ್ಟೂ ಶಾಯಿ ಖಾಲಿ. ನೆಟ್ಟಗೆ ಒಂದು ಹಾಳೆ ಬರಲಿಲ್ಲ, ಅರ್ಧ ಕಾರ್ಟ್ರಿಜ್ ಸುಮ್ನೆ ಹೋಯ್ತು. ಲೇಸರ್‌ನ ಟೋನರ್ ಒಣಪುಡಿ. ಆರು ತಿಂಗಳು ಬಿಟ್ಟರೂ ಒಣಗೋಕೆ ಅದರಲ್ಲಿ ಏನಿದೆ?

ಆದರೆ ಆ ಪುಡಿಯನ್ನು ಹಾಳೆಗೆ ಅಂಟಿಸಲು ಲೇಸರ್‌ನ ಒಳಭಾಗ ಸುಮಾರು 200 ಡಿಗ್ರಿ ಬಿಸಿಯಾಗುತ್ತದೆ, ಕರೆಂಟ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ.

ಅಪರೂಪದ ಕಲರ್ ಫೋಟೋಗೆ ಸ್ಟುಡಿಯೋ ಸಾಕು. ಮಗಳಿಗೆ ವಾರವಾರವೂ ಬಣ್ಣದ್ದೇ ಬೇಕು ಅಂದರೆ ಮಾತ್ರ ಇಂಕ್ ಟ್ಯಾಂಕ್, ಅಂದರೆ ಬಾಟಲಿಯಿಂದ ಶಾಯಿ ತುಂಬುವ ಇಂಕ್‌ಜೆಟ್. ಅದನ್ನು ಆಫ್ ಮಾಡುವಾಗ ಪ್ರಿಂಟರಿನ ಬಟನ್ನನ್ನೇ ಒತ್ತಿ. ನೇರ ಗೋಡೆ ಸ್ವಿಚ್ ಆರಿಸಿದರೆ ಹೆಡ್ ಮುಚ್ಚಳದಡಿ ಹೋಗದೆ ನಡುದಾರಿಯಲ್ಲೇ ನಿಂತು ಶಾಯಿ ಒಣಗಿಬಿಡಬಹುದು.