ಪುರಿಯ ದಾರಿಯಲ್ಲಿ ಭುವನೇಶ್ವರಕ್ಕೆ ಅರ್ಧ ದಿನ ಸಾಕೇ?

ಪ್ರಶ್ನೆ: ಕುಟುಂಬದವರೆಲ್ಲ ಸೇರಿ ಪುರಿ ಜಗನ್ನಾಥನ ದರ್ಶನಕ್ಕೆ ಹೊರಟಿದ್ದೇವೆ. ಪ್ರವಾಸ ಏರ್ಪಡಿಸಿದವರು ಒಡಿಶಾದ ರಾಜಧಾನಿ ಭುವನೇಶ್ವರಕ್ಕೆ ಅರ್ಧ ದಿನವನ್ನಷ್ಟೇ ಕೊಟ್ಟಿದ್ದಾರೆ. ಅಲ್ಲಿ ತಪ್ಪದೆ ನೋಡಬೇಕಾದದ್ದು ಏನು? ನನಗೆ ಮಂಡಿನೋವು ಇರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರೆ.
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಸಾಧ್ಯವಿದ್ದರೆ ಆ ಅರ್ಧ ದಿನವನ್ನು ಎರಡು ದಿನಗಳಿಗೆ ಹಿಗ್ಗಿಸಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ. ಕಳಿಂಗ ಶೈಲಿಯ ದೇವಾಲಯವು ಏಳನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಹೇಗೆ ಬೆಳೆಯಿತು ಎಂಬುದನ್ನು ಒಂದೇ ಊರಿನಲ್ಲಿ, ಬಹುಪಾಲು ಕಾಲ್ನಡಿಗೆಯ ದೂರದಲ್ಲಿ, ನೋಡಿ ತಿಳಿಯುವ ಅವಕಾಶ ಅಲ್ಲಿದೆ. ಬಸ್ಸಿನವರು ಸಾಮಾನ್ಯವಾಗಿ ನೇರವಾಗಿ ಲಿಂಗರಾಜ ದೇವಾಲಯಕ್ಕೆ ಕರೆದೊಯ್ಯುತ್ತಾರೆ. ನೀವು ಕಾಲಕ್ರಮದಲ್ಲಿ ನೋಡುತ್ತಾ ಲಿಂಗರಾಜನನ್ನು ಕೊನೆಗೆ ಇಟ್ಟುಕೊಂಡರೆ ಅದರ ಎತ್ತರಕ್ಕೆ ಅರ್ಥ ಬರುತ್ತದೆ.

ಮೊದಲು ಏಳನೆಯ ಶತಮಾನದ ಪರಶುರಾಮೇಶ್ವರ. ಗಾತ್ರದಲ್ಲಿ ಚಿಕ್ಕದು, ಆದರೆ ಐಹೊಳೆ, ಪಟ್ಟದಕಲ್ಲುಗಳನ್ನು ಕಂಡ ಕನ್ನಡಿಗರು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಪಟ್ಟದಕಲ್ಲಿನ ಗಳಗನಾಥ ಗುಡಿಯ ಮೇಲಿರುವಂಥ ರೇಖಾ ಶಿಖರವನ್ನೇ, ಅಂದರೆ ಮೇಲೇರುತ್ತಾ ಒಳಕ್ಕೆ ಬಾಗುವ ಶಿಖರವನ್ನೇ, ಇಲ್ಲಿಯ ಶಿಲ್ಪಿಗಳೂ ಹೆಚ್ಚುಕಡಿಮೆ ಅದೇ ಯುಗದಲ್ಲಿ ತಮ್ಮದೇ ರೀತಿಯಲ್ಲಿ ಎಬ್ಬಿಸುತ್ತಿದ್ದರು. ಮುಂದಿನ ಮಂಟಪವನ್ನು ಒಡಿಯಾದಲ್ಲಿ ಜಗಮೋಹನ ಎನ್ನುತ್ತಾರೆ. ಅದರ ಜಾಲಂಧ್ರಗಳಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಲ್ಲಿ, ಕುಣಿಯುವವರನ್ನೂ ವಾದ್ಯ ನುಡಿಸುವವರನ್ನೂ ಕೆತ್ತಿದ್ದಾರೆ. ಬಾಗಿಲ ಮೇಲೆ ನವಗ್ರಹಗಳ ಬದಲು ಕೇತುವಿಲ್ಲದ ಎಂಟು ಗ್ರಹಗಳಷ್ಟೇ ಇವೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಹತ್ತನೆಯ ಶತಮಾನದ ಮುಕ್ತೇಶ್ವರ ಸಿಗುತ್ತದೆ. ಅದರ ಕಮಾನಿನಾಕಾರದ ತೋರಣವನ್ನು ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಾರೆ, ಆದರೆ ಒಳಗೆ ಹೋಗಿ ಜಗಮೋಹನದ ಛಾವಣಿಯತ್ತ ತಲೆಯೆತ್ತುವವರು ಕಡಿಮೆ. ಒಡಿಶಾದ ದೇವಾಲಯಗಳ ಒಳಭಾಗ ಸಾಮಾನ್ಯವಾಗಿ ಕೆತ್ತನೆಯಿಲ್ಲದೆ ಬರಿದಾಗಿರುತ್ತದೆ. ಇಲ್ಲಿ ಮಾತ್ರ ಛಾವಣಿಯಲ್ಲಿ ಕಮಲವೊಂದು ಅರಳಿದೆ. ಇಡೀ ನಗರದಲ್ಲಿ ಒಂದೇ ಗುಡಿಗೆ ಸಮಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಸಮೀಪದ ರಾಜಾರಾಣಿ ದೇವಾಲಯದ ಗರ್ಭಗುಡಿಯಲ್ಲಿ ದೇವರಿಲ್ಲ, ಪೂಜೆಯೂ ಇಲ್ಲ. ಹಾಗಾಗಿ ಗೋಡೆಯ ದಿಕ್ಪಾಲಕರನ್ನೂ ನಾಯಿಕೆಯರನ್ನೂ ನಿಧಾನವಾಗಿ ನೋಡಬಹುದು. ಕೊನೆಗೆ ಹನ್ನೊಂದನೆಯ ಶತಮಾನದ ಲಿಂಗರಾಜ. ಸುಮಾರು 180 ಅಡಿ ಎತ್ತರದ ಈ ದೇವಾಲಯದಲ್ಲಿ ದೇವರನ್ನು ಹರಿಹರನೆಂದು ಭಾವಿಸಿ ಬಿಲ್ವದೊಂದಿಗೆ ತುಳಸಿಯನ್ನೂ ಅರ್ಪಿಸುತ್ತಾರೆ. ಮೊಬೈಲು, ಕ್ಯಾಮೆರಾ, ಚರ್ಮದ ವಸ್ತುಗಳನ್ನು ಒಳಗೆ ಬಿಡುವುದಿಲ್ಲ. ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲದ ಕಾರಣ, ನಿಮ್ಮ ಜೊತೆಗೆ ಬೇರೆ ಧರ್ಮದ ಸ್ನೇಹಿತರಿದ್ದರೆ ಅವರು ಹೊರಗೋಡೆಯ ಬಳಿ ಕಟ್ಟಿರುವ ಜಗಲಿಯ ಮೇಲಿನಿಂದ ನೋಡಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿಬಿಡಿ.

ಬಿಂದುಸಾಗರ ಕೆರೆಯ ದಂಡೆಯಲ್ಲಿರುವ ಅನಂತ ವಾಸುದೇವ ದೇವಾಲಯವನ್ನು 1278ರಲ್ಲಿ, ಒಡಿಶಾವನ್ನು ಆಳಿದ ಪೂರ್ವ ಗಂಗ ವಂಶದ ಚಂದ್ರಿಕಾದೇವಿ ಕಟ್ಟಿಸಿದಳು. ಈ ಪೂರ್ವ ಗಂಗರ ತಾಮ್ರಶಾಸನಗಳು ತಮ್ಮ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರದೊಂದಿಗೆ, ಅಂದರೆ ನಮ್ಮ ಕೋಲಾರದ ಸೀಮೆಯೊಂದಿಗೆ, ಜೋಡಿಸಿಕೊಳ್ಳುತ್ತವೆ. ಮಣ್ಣಿನ ಮಡಕೆಗಳಲ್ಲಿ ಬೇಯಿಸಿದ ಅನ್ನ, ದಾಲ್ಮಾಗಳ (ಬೇಳೆ-ತರಕಾರಿಯ ಸಾರು) ಪ್ರಸಾದ ಮಧ್ಯಾಹ್ನ ಅಲ್ಲಿ ಸಿಗುತ್ತದೆ. ಅಂದಿನ ಊಟವನ್ನು ಅಲ್ಲಿಯೇ ಮುಗಿಸಿ.

ಎರಡನೆಯ ದಿನ ಉದಯಗಿರಿ, ಖಂಡಗಿರಿಗಳಿಗೆ ಹೋಗಿ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿಗೆ ಜೈನ ಮುನಿಗಳಿಗಾಗಿ ಕೊರೆಸಿದ ಗುಹೆಗಳು ಇಲ್ಲಿವೆ. ಹಾಥಿಗುಂಫೆಯಲ್ಲಿ ಕಳಿಂಗವನ್ನು ಆಳಿದ ಖಾರವೇಲ ಚಕ್ರವರ್ತಿಯ 17 ಸಾಲುಗಳ ಪ್ರಾಕೃತ ಶಾಸನವಿದೆ. ಅರಿಹಂತರಿಗೂ ಸಿದ್ಧರಿಗೂ ನಮಸ್ಕರಿಸಿ ಅದು ಆರಂಭವಾಗುತ್ತದೆ. ಅದನ್ನು ತಲುಪಲು ಮೆಟ್ಟಿಲು ಹತ್ತಬೇಕು. ನಿಮಗೆ ಕಷ್ಟವಾದರೆ ಕೆಳಭಾಗದಲ್ಲಿಯೇ ಇರುವ, ಎರಡು ಅಂತಸ್ತಿನ ರಾಣಿಗುಂಫೆಯನ್ನು ನೋಡಿ; ಶಿಲ್ಪದ ದೃಷ್ಟಿಯಿಂದ ಬೆಟ್ಟದಲ್ಲಿ ಅತ್ಯುತ್ತಮವಾದದ್ದು ಅದೇ.

ಪ್ರಶ್ನೆ: ಭುವನೇಶ್ವರದ ಬಳಿಯ ಧೌಲಿಗೂ ನಮ್ಮ ಜಿಲ್ಲೆಯ ಸನ್ನತಿಗೂ ಸಂಬಂಧವಿದೆ ಎಂದು ಕೇಳಿದ್ದೇನೆ. ನಿಜವೇ?
— ಇತಿಹಾಸ ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಜ, ಮತ್ತು ಆ ಸಂಬಂಧ ತುಂಬ ಆಳವಾದದ್ದು. ಧೌಲಿ ನಗರದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ದಯಾ ನದಿಯ ಬಳಿ ಇದೆ. ಬಂದವರಲ್ಲಿ ಹೆಚ್ಚಿನವರು 1970ರ ದಶಕದಲ್ಲಿ ಬೆಟ್ಟದ ಮೇಲೆ ಕಟ್ಟಿದ ಬಿಳಿಯ ಶಾಂತಿಸ್ತೂಪಕ್ಕೆ ನೇರವಾಗಿ ಹೋಗಿ ಮರಳುತ್ತಾರೆ. ಬುಡದಲ್ಲಿರುವ ಬಂಡೆಯನ್ನು, ಅದರ ನೆತ್ತಿಯಲ್ಲಿ ಕಲ್ಲಿನೊಳಗಿಂದ ಹೊರಬರುತ್ತಿರುವಂತೆ ಕಡೆದ ಆನೆಯನ್ನು ಅವರು ಗಮನಿಸುವುದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಶೋಕನ ಶಾಸನ ಇರುವುದು ಆ ಬಂಡೆಯ ಮೇಲೆ.

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಹೋದರು ಎಂದು ಅಶೋಕನು ಪಶ್ಚಾತ್ತಾಪದಿಂದ ಹೇಳುವುದು ಅವನ ಹದಿನಾಲ್ಕು ಬಂಡೆಶಾಸನಗಳ ಸರಣಿಯ 13ನೆಯದರಲ್ಲಿ. ಸೋತ ಕಳಿಂಗದ ನೆಲದಲ್ಲಿಯೇ ನಿಂತಿರುವ ಧೌಲಿಯಲ್ಲಿ ಆ ಶಾಸನವಿಲ್ಲ. 11 ಮತ್ತು 12ನೆಯವೂ ಇಲ್ಲ. ಅವುಗಳ ಬದಲಿಗೆ ಎರಡು ಪ್ರತ್ಯೇಕ ಶಾಸನಗಳಿವೆ. ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂದು ಕಳಿಂಗದ ತೋಸಲಿ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಹೇಳುವ ಆತ, ಕಾರಣವಿಲ್ಲದೆ ಯಾರನ್ನೂ ಬಂಧಿಸಬೇಡಿ, ಹಿಂಸಿಸಬೇಡಿ ಎಂದು ಎಚ್ಚರಿಸುತ್ತಾನೆ. ಈ ಆಜ್ಞೆಯನ್ನು ತಿಷ್ಯ (ಪುಷ್ಯ) ನಕ್ಷತ್ರದ ದಿನ ಜನರಿಗೆ ಓದಿ ಹೇಳಬೇಕೆಂಬ ಸೂಚನೆಯೂ ಅದರಲ್ಲಿದೆ.

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ 12 ಮತ್ತು 14ನೆಯ ಬಂಡೆಶಾಸನಗಳೊಂದಿಗೆ ಇದೇ ಎರಡು ಪ್ರತ್ಯೇಕ ಶಾಸನಗಳು ದೊರೆತವು. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇವೆಯೆಂದು ತಿಳಿದಿದ್ದ ಮಾತುಗಳು ಭೀಮಾ ನದಿಯ ದಂಡೆಯಲ್ಲಿಯೂ ಇದ್ದವೆಂದರೆ, ಅವು ಗೆದ್ದ ಕಳಿಂಗಕ್ಕಷ್ಟೇ ಮೀಸಲಾದ ಆಡಳಿತ ಸೂತ್ರವಾಗಿರಲಿಲ್ಲ ಎಂದಾಗುತ್ತದೆ. ನೀವು ಸನ್ನತಿಯನ್ನು ಮೊದಲು ನೋಡಿ, ಅನಂತರ ಧೌಲಿಗೆ ಹೋಗಿ.

ಪ್ರಶ್ನೆ: ಭುವನೇಶ್ವರದ ಹೊಸ ನಗರದಲ್ಲಿ ನೋಡುವಂಥದ್ದು ಏನಾದರೂ ಇದೆಯೇ? ಯಾವ ತಿಂಗಳಲ್ಲಿ ಹೋಗಬೇಕು?
— ಓದುಗರು, ಬೆಂಗಳೂರು

ಉತ್ತರ: ರಾಜಧಾನಿಯನ್ನು ಕಟಕ್‌ನಿಂದ ಇಲ್ಲಿಗೆ ತರಲು ನಿರ್ಧರಿಸಿದ ಮೇಲೆ, 1948ರ ಏಪ್ರಿಲ್ 13ರಂದು ನೆಹರೂ ಅವರು ಹೊಸ ನಗರಕ್ಕೆ ಅಡಿಗಲ್ಲು ಹಾಕಿದರು. ಅದರ ನಕ್ಷೆ ಸಿದ್ಧಪಡಿಸಿದ ಜರ್ಮನ್ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ನಿಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳೂ ಅವರವೇ. ತಾಳೆಗರಿ ಹಸ್ತಪ್ರತಿಗಳಲ್ಲಿ ಆಸಕ್ತಿಯಿದ್ದರೆ ರಾಜ್ಯ ವಸ್ತುಸಂಗ್ರಹಾಲಯ, ಮಕ್ಕಳಿದ್ದರೆ ನಂದನಕಾನನ ಮೃಗಾಲಯ. ಎರಡಕ್ಕೂ ಸೋಮವಾರ ರಜೆ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಹಿತ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ದೇವಾಲಯಗಳ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗದು. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ನೇರವಾಗಿ ಭುವನೇಶ್ವರಕ್ಕೆ ಹೋಗುತ್ತದೆ.